ಹಿತ್ತಲಿಂದ ಹೊರಟ ಡ್ರೈವರು

"ಹಿಂದೆ, ಹಿಂದೆ, ಇನ್ನೂ ಸ್ವಲ್ಪ ಹಿಂದೆ... ಹಾಂ, ಸಾಕು, ನಿಲ್ಲಿ!"

ಭಾವ ಎರಡೂ ಕೈ ಎತ್ತಿ ಕೂಗುತ್ತಿದ್ದರು. ಪೆಟ್ಟಿಗೆಯ ಮುಂದಿನ ತುದಿ ಆಗಲೇ ಹೊಸ್ತಿಲು ದಾಟಿ ಬಿಸಿಲಿಗೆ ಬಂದುಬಿಟ್ಟಿತ್ತು. ಮುಂದೆ ಹೆಗಲು ಕೊಟ್ಟಿದ್ದ ಇಬ್ಬರ ಕಾಲಡಿಯಲ್ಲಿ ಮೆಟ್ಟಿಲಿತ್ತು; ಮೆಟ್ಟಿಲಿನಾಚೆ ಬೀದಿಯೇ ಇರಲಿಲ್ಲ. ಬೀದಿ ಇರಬೇಕಾದಲ್ಲಿ ಎದೆಯುದ್ದದ ಕಾಲುವೆ ಬಾಯಿ ತೆರೆದುಕೊಂಡಿತ್ತು. ಅದರ ಎರಡೂ ಬದಿಗೆ ಹಸಿಮಣ್ಣಿನ ಗುಡ್ಡೆ, ಗುಡ್ಡೆಯ ಪಕ್ಕ ಪುರಸಭೆಯ ಹಳದಿ ಯಂತ್ರ. ಹೊತ್ತವರು ಒಂದೊಂದೇ ಹೆಜ್ಜೆ ಹಿಂದಿಟ್ಟು ಪೆಟ್ಟಿಗೆಯನ್ನು ಮತ್ತೆ ನಡುಮನೆಯ ಬೆಂಚಿನ ಮೇಲಿಟ್ಟರು. ಬದುಕಿದ್ದಷ್ಟು ದಿನವೂ ಬಸ್ಸನ್ನು ಹಿಂದಕ್ಕೆ ತೆಗೆಯುವುದೆಂದರೆ ಸಿಡುಕುತ್ತಿದ್ದ ಮನುಷ್ಯ ಕೊನೆಯ ಸವಾರಿಯನ್ನು ರಿವರ್ಸಿನಲ್ಲೇ ಶುರುಮಾಡಬೇಕಾಯಿತು.

ಡ್ರೈವರಮ್ಮನಿಗೆ ಅದು ಹೊಳೆದದ್ದೇ ತಡ, ಅಳುವಿನ ನಡುವೆಯೇ ನಗು ನುಗ್ಗಿ ಬಂತು. ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ಅಮ್ಮನಿಗೆ ದುಃಖ ಉಕ್ಕಿತೆಂದು ಮಗಳು ಬೆನ್ನು ಸವರಿದಳು. ಗಂಡ ಊರಿನ ಸಿಟಿ ಬಸ್ಸು ಓಡಿಸಿಕೊಂಡಿದ್ದವರು. ಬೀದಿಯವರಿಗೆಲ್ಲ ಅವರು ಡ್ರೈವರು, ಆದ್ದರಿಂದ ಇವರು ಡ್ರೈವರಮ್ಮ. ನಿನ್ನೆ ಮಧ್ಯಾಹ್ನ ಊಟ ಮಾಡಿ, "ಐದು ನಿಮಿಷ ಕಾಲು ಚಾಚ್ತೀನಿ, ಎಬ್ಬಿಸು" ಎಂದು ಮಲಗಿದವರು ಎಬ್ಬಿಸಿದರೆ ಏಳಲಿಲ್ಲ. ಅಷ್ಟೇ. ನರಳಲಿಲ್ಲ, ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳಲಿಲ್ಲ.

"ಯಾರ್ರೀ ಇಲ್ಲಿ ದೊಡ್ಡೋರು?" ಭಾವ ಬಾಗಿಲಲ್ಲೇ ನಿಂತು ಗುಡುಗಿದರು. ಸತ್ತವರಿಗೆ ಸ್ವಂತ ಅಣ್ಣ ಇವರು. ರೈಲ್ವೆ ಗೋದಾಮಿನಲ್ಲಿ ಮೇಲ್ವಿಚಾರಕರಾಗಿದ್ದವರು, ಗಂಟಲು ಇನ್ನೂ ನಿವೃತ್ತಿ ಪಡೆದಿರಲಿಲ್ಲ. "ಸತ್ತ ಮನೆ ಮುಂದೆ ಗುಂಡಿ ತೋಡ್ತೀರಲ್ಲ, ಕಣ್ಣು ಎಲ್ಲಿಟ್ಕೊಂಡಿದೀರಿ?"

ಗುಡ್ಡೆಯ ಹಿಂದಿನಿಂದ ರಬ್ಬರ್ ಬೂಟು ಹಾಕಿಕೊಂಡಿದ್ದ ಹುಡುಗಿಯೊಬ್ಬಳು ಎದ್ದುಬಂದಳು. ಪುರಸಭೆಯ ಸೂಪರ್‌ವೈಸರ್ ಅವಳೇ. ಮುಖವೆಲ್ಲ ಧೂಳು.

"ಸಾರ್, ಬೆಳಿಗ್ಗೆಯೇ ಜನ ಸೇರಿದ್ದು ನೋಡ್ದೆ. ಯಾವಾಗ ಎತ್ತುತ್ತೀರಿ ಅಂತ ಕೇಳೋಕೆ ಬಾಯಿ ಬರ್ಲಿಲ್ಲ. ಬೀದಿಗೆ ಮೊದಲೇ ತಿಳಿಸಿದೀವಲ್ಲ, ನೀವೇ ಏನೋ ವ್ಯವಸ್ಥೆ ಮಾಡ್ಕೊಂಡಿರ್ತೀರಿ ಅಂದ್ಕೊಂಡೆ."

ತಿಳಿಸಿದ್ದು ನಿಜ. ಇಂಥ ದಿನ ಚರಂಡಿ ಕೆಲಸ, ಗಾಡಿಗಳನ್ನೆಲ್ಲ ಹೊರಗಿಡಿ ಎಂದು ಪುರಸಭೆಯವರು ಮನೆಮನೆಯ ಬಾಗಿಲಿಗೂ ಚೀಟಿ ಅಂಟಿಸಿ ಹೋಗಿದ್ದರು. ಅದು ಸಾಲದೆಂದು ಡ್ರೈವರೇ ದಿನಾ ಸಂಜೆ ಬೀದಿಯುದ್ದ ಅಡ್ಡಾಡಿ, "ಮರೀಬೇಡ್ರಪ್ಪಾ" ಎಂದು ಎಲ್ಲರ ಪ್ರಾಣ ತಿಂದಿದ್ದರು. ನೆನಪು ಮಾಡುವವರೇ ಹೊರಟುಹೋದ ಮೇಲೆ ನೆನಪಿಟ್ಟುಕೊಳ್ಳುವವರು ಯಾರು? ಬೆಳಿಗ್ಗೆ ನೆಂಟರು ಬರುವಾಗ ಕಾಲುವೆ ಇನ್ನೂ ಬೀದಿಯ ಬಾಯಲ್ಲಿ, ಮೊಣಕಾಲುದ್ದ ಇತ್ತು. ಎಲ್ಲರೂ ದಾಟಿಕೊಂಡೇ ಬಂದರು. ಒಳಗಿನ ಅಳುವಿನಲ್ಲಿ ಹೊರಗಿನ ಯಂತ್ರದ ಸದ್ದು ಯಾರ ಕಿವಿಗೂ ಬೀಳಲಿಲ್ಲ.

"ಮುಚ್ಚಮ್ಮಾ ಇದನ್ನ. ಗಾಡಿ ಮುಖ್ಯರಸ್ತೇಲಿ ನಿಂತಿದೆ. ಸ್ಮಶಾನದೋರು ಮಧ್ಯಾಹ್ನಕ್ಕೆ ಗೇಟು ಹಾಕ್ಬಿಡ್ತಾರೆ, ನಾಳೆ ರಜೆ," ಎಂದರು ಭಾವ.

"ಮುಚ್ಚೋಕೆ ಎಷ್ಟೊತ್ತು ಸಾರ್, ಈಗಲೇ ಮುಚ್ಚಿಸ್ತೀನಿ. ಆದ್ರೆ..." ಹುಡುಗಿ ಬೂಟಿನ ತುದಿಯಿಂದ ಮಣ್ಣು ಕೆದಕಿದಳು. "ಒಂದ್ಸಲ ಮುಚ್ಚಿದ್ರೆ ಇವತ್ತು ಮತ್ತೆ ತೋಡೋಕಾಗಲ್ಲ. ಯಂತ್ರ ನಾಳಿದ್ದು ಇನ್ನೊಂದು ವಾರ್ಡಿಗೆ ಹೋಗ್ಬೇಕು. ಅರ್ಧಕ್ಕೆ ನಿಂತ ಕೆಲಸ ಸರದಿಯ ಕೊನೆಗೆ ಹೋಗುತ್ತೆ. ಮತ್ತೆ ಯಾವಾಗ ಬರುತ್ತೋ, ನಾನು ಸುಳ್ಳು ಭರವಸೆ ಕೊಡಲ್ಲ."

"ಹೋಗ್ಲಿ ಬಿಡು! ಹೆಣ ಕಾಯ್ತಾ ಇರೋವಾಗ ಚರಂಡಿ ಚಿಂತೆ ಯಾರಿಗೆ?"

ನಡುಮನೆಯಲ್ಲಿ ಎಲ್ಲರೂ ಡ್ರೈವರಮ್ಮನ ಮುಖ ನೋಡಿದರು. ಅವರು ತೆರೆದ ಪೆಟ್ಟಿಗೆಯೊಳಗಿನ ಮುಖ ನೋಡಿದರು.

*

ಆ ಬೀದಿ ಮುಂದೆ ದಾರಿಯಿಲ್ಲದ ಗಿಡ್ಡ ಬೀದಿ. ಬಾಯಿ ಎತ್ತರ, ತುದಿ ತಗ್ಗು. ತುದಿಯ ಮನೆಯೇ ಡ್ರೈವರದು. ಮದುವೆಯಾದ ಹೊಸತರಲ್ಲಿ ಮನೆ ಹುಡುಕುವಾಗ, ಬಸ್ಸಿನ ಕೊನೆಯ ಸ್ಟಾಪು ಇಲ್ಲಿಂದ ಕೂಗಳತೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಅವರು ಇದನ್ನು ಹಿಡಿದಿದ್ದರು. ಮೊದಲ ಮಳೆಗೆ ಗೊತ್ತಾಯಿತು, ಇಡೀ ಬೀದಿಯ ನೀರಿಗೂ ಕೊನೆಯ ಸ್ಟಾಪು ತಮ್ಮ ಮನೆಯೇ ಎಂದು.

ಆಮೇಲಿನ ಸಂಸಾರವೆಲ್ಲ ನೀರಿನ ಜೊತೆಗೇ ನಡೆಯಿತು. ಮಂಚದ ಕಾಲಿಗೆ ಇಟ್ಟಿಗೆ, ಅಕ್ಕಿಯ ಡಬ್ಬ ಕಪಾಟಿನ ಮೇಲೆ, ಮಗಳ ಶಾಲೆಯ ಬೂಟು ಕಿಟಕಿಯಲ್ಲಿ. ಮೋಡ ಕವಿಯಿತೆಂದರೆ ಡ್ರೈವರಮ್ಮ ಬಾಗಿಲಿಗೆ ಹಳೆಯ ಗೋಣಿ ತುರುಕುವರು. ಮದುವೆಯ ಫೋಟೋಗಳೆಲ್ಲ ಒಂದು ಮಳೆಯಲ್ಲಿ ಅಂಟಿಕೊಂಡು ಮುದ್ದೆಯಾದಾಗಲೂ ಅವರು ಗಂಡನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ. ಅನ್ನದೆ ಇದ್ದದ್ದಕ್ಕೇ ಡ್ರೈವರು ಹಟ ಹಿಡಿದರು.

"ನಿನಗೊಂದು ಒಣ ಮನೆ ಕೊಡ್ದೆ ನಾನು ಎಲ್ಲಿಗೂ ಹೋಗಲ್ಲ ಕಣೇ," ಎಂದಿದ್ದರು.

"ಎಲ್ಲಿಗೂ ಹೋಗ್ಬೇಡಿ, ಅದಕ್ಕೇನಂತೆ," ಎಂದಿದ್ದರು ಇವರು.

ವಾರ್ಡಿನ ಸಭೆ ತಿಂಗಳಿಗೊಮ್ಮೆ ಗ್ರಂಥಾಲಯದ ಮಹಡಿಯಲ್ಲಿ. ಡ್ರೈವರು ಡ್ಯೂಟಿ ಮುಗಿಸಿ, ಖಾಕಿಯಲ್ಲೇ ಹೋಗುವರು. ಮೊದಲ ಸಲ ಎದ್ದುನಿಂತು ಮಾತಾಡಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಸಲ ಒಂದು ಬಾಟಲಿ ಒಯ್ದರು. ಕಂದು ಬಣ್ಣದ ನೀರು, ತಳದಲ್ಲಿ ಗಸಿ, ಮೇಲೆ ತೇಲುವ ಎಲೆ. ಅದನ್ನು ಅಧಿಕಾರಿಯ ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ಏನ್ರೀ ಇದು?"

"ನಮ್ಮ ನಡುಮನೇಲಿ ಸಿಕ್ತು ಸಾರ್. ಪುರಸಭೆದೇ ಇರ್ಬೇಕು, ವಾಪಸ್ ಕೊಡೋಣ ಅಂತ ತಂದೆ."

ಸಭೆ ಗೊಳ್ಳೆಂದಿತು. ಅಧಿಕಾರಿಯ ಮುಖ ಸಪ್ಪಗಾಯಿತು. ಅಧಿಕಾರಿಗಳು ಬದಲಾದರು, ಡ್ರೈವರು ಬದಲಾಗಲಿಲ್ಲ. ಪ್ರತಿ ಮಳೆಗಾಲಕ್ಕೂ ಹೊಸ ಬಾಟಲಿ. ಒಮ್ಮೆ ಒಬ್ಬರು ಮಾತಿನ ಭರದಲ್ಲಿ ಅದನ್ನೇ ಕುಡಿಯುವ ನೀರೆಂದುಕೊಂಡು ಬಾಯಿಗೆ ಎತ್ತಿಯೂಬಿಟ್ಟಿದ್ದರು. ಡ್ರೈವರೇ ಹಾರಿ ಕೈ ಹಿಡಿದುಕೊಂಡರು. "ನನಗೆ ನಿಮ್ಮ ಮೇಲೆ ಕೋಪ ಇಲ್ಲ ಸಾರ್, ಚರಂಡಿ ಸಾಕು," ಎಂದರಂತೆ. ಮನೆಗೆ ಬಂದು ಇದನ್ನು ನಟಿಸಿ ತೋರಿಸಿದಾಗ ಡ್ರೈವರಮ್ಮ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿದ್ದರು.

ಕೆಲಸ ಮಂಜೂರಾದ ಸುದ್ದಿ ಬಂದ ದಿನ ಅವರ ಖುಷಿ ನೋಡಬೇಕಿತ್ತು. ಯಂತ್ರ ಬರುವ ಬೆಳಿಗ್ಗೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವುದೆಂದು ತೀರ್ಮಾನವಾಗಿಹೋಗಿತ್ತು.

"ಚರಂಡಿ ಆದ್ಮೇಲೆ ಏನ್ ಮಾಡ್ತೀರಿ? ಜಗಳಕ್ಕೆ ಏನೂ ಉಳಿಯಲ್ಲ," ಎಂದು ಕೆಣಕಿದ್ದರು ಡ್ರೈವರಮ್ಮ.

"ಬೀದಿ ದೀಪ ಇಲ್ವಾ?" ಎಂದಿದ್ದರು ಡ್ರೈವರು.

*

"ಮುಚ್ಚಬೇಡಿ," ಎಂದರು ಡ್ರೈವರಮ್ಮ.

ಭಾವ ತಿರುಗಿದರು. "ಏನಂದೆ?"

"ಮುಚ್ಚೋದು ಬೇಡ ಭಾವ. ಅವರು ಹಿಡಿದ ಕೆಲಸ ಅದು. ಅವರನ್ನ ಕಳಿಸೋದಕ್ಕೋಸ್ಕರ ಅವರ ಕೆಲಸಾನೇ ಕೆಡಿಸಿದ್ರೆ ನಾನು ಯಾವ ಮುಖ ಇಟ್ಕೊಂಡು ಈ ಮನೇಲಿ ಇರ್ಲಿ?"

"ಸರಿಯಮ್ಮ. ಹಾಗಾದ್ರೆ ಅವನು ಹಾರಿಕೊಂಡು ಹೋಗ್ಬೇಕಾ?"

"ಹಿತ್ತಲಿಂದ ಹೋಗ್ಬಹುದು."

ನಡುಮನೆಯಲ್ಲಿ ಗುಸುಗುಸು ಎದ್ದಿತು. ಭಾವನ ಕಿವಿ ಕೆಂಪಾಯಿತು. "ನನ್ನ ತಮ್ಮನ್ನ ಹಿತ್ತಲ ಬಾಗಿಲಿಂದ ಕಳಿಸ್ತೀಯಾ? ಕಸದ ಬುಟ್ಟಿ ಹೊರಗಿಡೋ ಬಾಗಿಲಿಂದ? ಅವನೇನು ಕದ್ದು ಓಡಿಹೋಗ್ತಿದಾನಾ? ನಾಳೆ ನಾಲ್ಕು ಜನ ಏನಂತಾರೆ?"

"ನಾಲ್ಕು ಜನಾನೂ ಇಲ್ಲೇ ಇದಾರೆ, ಕೇಳಿ," ಎಂದರು ಡ್ರೈವರಮ್ಮ. ಅಳು ತಡೆದು ತಡೆದು ಮಾತು ಸ್ವಲ್ಪ ಗಡುಸಾಗಿಯೇ ಬಂತು.

ಮಗಳು ಮೆಲ್ಲಗೆ ಅಂದಳು, "ಅಮ್ಮಾ, ಹಿತ್ತಲಿಂದ ಎಲ್ಲಿಗೆ? ಮಧ್ಯೆ ಮೇಷ್ಟ್ರ ಬೇಲಿ ಇದೆಯಲ್ಲ."

ಅದೇ ಕಷ್ಟ. ಈ ಮನೆಯ ಹಿತ್ತಲಿಗೆ ಹೊರದಾರಿಯಿಲ್ಲ. ಪಕ್ಕದ್ದು ಪೀಟಿ ಮೇಷ್ಟ್ರ ಹಿತ್ತಲು, ಅದರ ಪಕ್ಕದ್ದು ಮೂಲೆಮನೆಯ ಟೈಲರದು. ಟೈಲರ ಅಂಗಡಿಯ ಬಾಗಿಲು ಮುಖ್ಯರಸ್ತೆಗೆ; ಅಲ್ಲಿಗೆ ತಲುಪಿದರೆ ಗಾಡಿ. ಆದರೆ ಮೊದಲು ಮೇಷ್ಟ್ರ ಬೇಲಿ ದಾಟಬೇಕು. ಬೇಲಿಯೆಂದರೆ ಬರಿಯ ಬೇಲಿಯಲ್ಲ, ಆಳೆತ್ತರದ ಹಲಗೆಗೋಡೆ. ಅದರ ಆಚೆ ಇರುವ ಮನುಷ್ಯ ಡ್ರೈವರ ಜೊತೆ ಮಾತು ಬಿಟ್ಟು ಎಷ್ಟೋ ಮಳೆಗಾಲ ಕಳೆದಿತ್ತು. ನಿನ್ನೆಯಿಂದ ಬೀದಿಯವರೆಲ್ಲ ಬಂದು ಹೋಗಿದ್ದರು, ಮೇಷ್ಟ್ರು ಬಂದಿರಲಿಲ್ಲ.

"ಅವನ ಮುಂದೆ ಹೋಗಿ ಕೈ ಚಾಚ್ತೀಯಾ?" ಎಂದರು ಭಾವ. "ಅವನು ಇಲ್ಲ ಅಂದ್ರೆ ಮಾನ ಹೋಯ್ತು, ಹೊತ್ತೂ ಹೋಯ್ತು."

ಡ್ರೈವರಮ್ಮ ಆಗಲೇ ಎದ್ದಿದ್ದರು.

*

ಜಗಳ ಆದದ್ದೂ ನೀರಿಗೇ. ಒಂದು ದೊಡ್ಡ ಮಳೆಯ ಮರುದಿನ ಮೇಷ್ಟ್ರ ತರಕಾರಿ ಪಾತಿ ಕೊಚ್ಚಿಹೋಗಿತ್ತು.

"ನಿಮ್ಮನೆಯಲ್ಲಿ ನಿಂತ ನೀರು ನಮ್ಮ ಹಿತ್ತಲಿಗೆ ಉಕ್ಕಿದೆ," ಎಂದರು ಮೇಷ್ಟ್ರು.

"ನಿಮ್ಮ ಮನೆ ಮುಂದಿನ ನೀರೇ ನಮ್ಮನೆಗೆ ಬಂದು ನಿಂತಿದ್ದು," ಎಂದರು ಡ್ರೈವರು.

ಇಬ್ಬರೂ ಹೇಳಿದ್ದು ಸರಿಯೇ. ಅದಕ್ಕೇ ಜಗಳ ಮುಗಿಯಲಿಲ್ಲ. ಮಾತಿಗೆ ಮಾತು ಬೆಳೆದು ಮೇಷ್ಟ್ರು, "ನಿಮ್ಮ ಮುಖಾನೇ ನೋಡಲ್ಲ" ಎಂದುಬಿಟ್ಟರು. ಶಿಸ್ತಿನ ಮನುಷ್ಯ. ಅಂದದ್ದನ್ನು ಮಾಡಿ ತೋರಿಸಲು ಸಂಜೆಯೊಳಗೆ ಹಲಗೆ ತಂದು ಹೊಡೆದರು. ಅವತ್ತಿಂದ ಗಂಡಸರಿಬ್ಬರೂ ಬೀದಿಯಲ್ಲಿ ಎದುರಾದರೆ ಒಬ್ಬರು ಆಕಾಶ ನೋಡುವರು, ಒಬ್ಬರು ಚಪ್ಪಲಿ ನೋಡುವರು. ಹೆಂಗಸರಿಬ್ಬರಿಗೆ ಮಾತ್ರ ಆ ಶಿಸ್ತು ಸಾಧ್ಯವಾಗಲಿಲ್ಲ. ಬಟ್ಟೆ ಒಣಹಾಕುವ ನೆಪದಲ್ಲಿ ಹಲಗೆಯ ಸಂದಿನಲ್ಲೇ ಎಲ್ಲ ಸುದ್ದಿಯೂ ದಾಟುತ್ತಿತ್ತು.

*

ಡ್ರೈವರಮ್ಮ ಹಲಗೆಗೆ ಬೆರಳಿನಿಂದ ತಟ್ಟಿದರು. "ಮೇಷ್ಟ್ರೇ."

ಆಚೆ ಕುರ್ಚಿ ಸರಿದ ಸದ್ದಾಯಿತು. ಸಂದಿನಲ್ಲಿ ಕಂಡದ್ದು ಗರಿಗರಿ ಇಸ್ತ್ರಿ ಮಾಡಿದ ಬಿಳಿ ಅಂಗಿ. ಬೆಳಿಗ್ಗೆಯೇ ಹೊರಡಲು ತಯಾರಾದ ಮನುಷ್ಯ ಹೊರಡಲು ಕಾಲು ಬಾರದೆ ಹಿತ್ತಲಲ್ಲೇ ಕೂತುಬಿಟ್ಟಿದ್ದರು.

"ಬೆಳಗಿಂದ ಬೂಟು ಹಾಕೋದು, ಬಿಚ್ಚೋದು, ಇದೇ ಆಯ್ತು ಇವರದ್ದು," ಎಂದಿತು ಮೇಷ್ಟ್ರ ಹೆಂಡತಿಯ ದನಿ.

"ನೀನು ಸುಮ್ನಿರು," ಎಂದರು ಮೇಷ್ಟ್ರು.

"ಮೇಷ್ಟ್ರೇ, ಮುಂದುಗಡೆ ದಾರಿಯಿಲ್ಲ. ಕಾಲುವೆ ಮುಚ್ಚಿಸಿದ್ರೆ ಚರಂಡಿ ಕೆಲಸ ಹೋಗುತ್ತೆ. ಅವರನ್ನ ನಿಮ್ಮ ಹಿತ್ತಲಿಂದ ಕರ್ಕೊಂಡು ಹೋಗ್ಬೇಕು. ಈ ಹಲಗೆ ಬಿಚ್ಚಿಕೊಡ್ತೀರಾ?"

ಡ್ರೈವರಮ್ಮನ ಹಿಂದೆ ಭಾವ ಬಂದು ನಿಂತಿದ್ದರು. ಅವರ ಉಸಿರು ಕೇಳುತ್ತಿತ್ತು. ಮುಖ್ಯರಸ್ತೆಯಲ್ಲಿ ಗಾಡಿ ಒಮ್ಮೆ ಹಾರ್ನ್ ಹೊಡೆಯಿತು. ಇಲ್ಲ ಅಂದರೆ ಮಾಡುವುದೇನು? ತಾನೇ ಬಾಯಿಬಿಟ್ಟು ಮುಚ್ಚಿ ಅನ್ನಬೇಕು. ಅಷ್ಟು ವರ್ಷ ಬಾಟಲಿ ಹೊತ್ತವರನ್ನು ಮುಚ್ಚಿದ ಕಾಲುವೆಯ ಮೇಲೆ ಹಾಯಿಸಿಕೊಂಡು ಹೋಗಬೇಕು. ಡ್ರೈವರಮ್ಮ ಮತ್ತೊಮ್ಮೆ ಹಲಗೆ ತಟ್ಟಿದರು.

"ನೀವು ಹಿಂದೆ ಸರೀರಿ," ಎಂದರು ಮೇಷ್ಟ್ರು ಕೊನೆಗೆ. "ಮೊಳೆ ಸಿಡಿಯುತ್ತೆ."

ಬಿಳಿ ಅಂಗಿಯ ತೋಳು ಮಡಚಿ ಕಬ್ಬಿಣದ ಸಲಾಕೆ ಹಿಡಿದರು. ಮೊದಲ ಹಲಗೆ ಕಿರ್ರೆಂದಿತು, ಬರಲಿಲ್ಲ. ಮತ್ತೆ ಮೀಟಿದರು, ಬರಲಿಲ್ಲ. ಬೆವರಿಳಿಯಿತು.

"ಏನ್ ಮೊಳೆ ಹೊಡೆದಿದೀರಿ ಮೇಷ್ಟ್ರೇ?" ಎಂದರು ಭಾವ ತಡೆಯಲಾರದೆ.

"ಅವತ್ತು ಕೋಪ ಇತ್ತಲ್ಲ ಸಾರ್. ಅಂಗಡೀಲಿ ಎಲ್ಲಕ್ಕಿಂತ ಉದ್ದದ್ದು ಕೊಡು ಅಂದಿದ್ದೆ. ಈಗ ಅನುಭವಿಸ್ತಿದೀನಿ."

ಭಾವನ ಮೀಸೆ ಅಲುಗಿತು. ಕೋಟು ಕಳಚಿ ಮಗಳ ಕೈಗೆ ಕೊಟ್ಟರು. "ಗೋದಾಮಲ್ಲಿ ಎಷ್ಟು ಪೆಟ್ಟಿಗೆ ಬಿಚ್ಚಿಲ್ಲ ನಾನು. ನೀವು ಕೆಳಗಿಂದ ಎತ್ತಿ, ನಾನು ಈ ಕಡೆಯಿಂದ ಒದೀತೀನಿ. ಹೂಂ, ಒಂದು, ಎರಡು..."

ಆಚೆಯಿಂದೊಬ್ಬರು ಈಚೆಯಿಂದೊಬ್ಬರು ಸೇರಿದ ಮೇಲೆ ಹಲಗೆಗಳು ಒಂದರ ಹಿಂದೊಂದು ಬಂದವು. ಬೂಟಿನ ಹುಡುಗಿ ಕೆಲಸಗಾರರಿಬ್ಬರನ್ನು ಕಳಿಸಿದಳು, ಕಂಬವೂ ಕಿತ್ತುಬಂತು. ಎರಡು ಹಿತ್ತಲುಗಳ ನಡುವೆ ಏನೂ ಉಳಿಯದಾದಾಗ ಮೇಷ್ಟ್ರು ಸಲಾಕೆ ಕೆಳಗಿಟ್ಟು, ಅಂಗಿಯ ತೋಳು ಇಳಿಸಿ, ಗುಂಡಿ ಹಾಕಿಕೊಂಡು ಡ್ರೈವರ ಮನೆಯೊಳಗೆ ಬಂದರು. ಪೆಟ್ಟಿಗೆಯ ಪಕ್ಕ ನಿಂತರು. ಮುಖ ನೋಡುವುದಿಲ್ಲ ಎಂದಿದ್ದವರು ಬಹಳ ಹೊತ್ತು ಆ ಮುಖ ನೋಡಿದರು.

"ಎಂಥಾ ಹಟಮಾರಿ ಮನುಷ್ಯ ಕಣ್ರೀ ನೀವು," ಎಂದರು. ಕಣ್ಣೊರೆಸಿಕೊಂಡು ಮುಂದಿನ ಎಡಗಡೆಗೆ ತಾವೇ ಹೆಗಲು ಕೊಟ್ಟರು. ಬಲಗಡೆ ಭಾವ.

ಹಿತ್ತಲ ಬಾಗಿಲು ಕಿರಿದು. ಮೂಲೆ ತಾಗೀತು, ಎತ್ತಿ, ಇಳಿಸಿ, ಎಂದು ಎಲ್ಲರೂ ಒಟ್ಟಿಗೆ ಅಪ್ಪಣೆ ಕೊಟ್ಟರು. ಮೇಷ್ಟ್ರ ಹಿತ್ತಲಲ್ಲಿ ಟೊಮೆಟೊ ಪಾತಿ ಅಡ್ಡ ಬಂತು. ಹೊತ್ತವರು ಅನುಮಾನಿಸಿ ನಿಂತರು. "ತುಳೀರಿ, ತುಳೀರಿ, ಮತ್ತೆ ಹಾಕಿದ್ರೆ ಬರುತ್ತೆ," ಎಂದರು ಮೇಷ್ಟ್ರ ಹೆಂಡತಿ, ಡ್ರೈವರಮ್ಮನ ತೋಳನ್ನು ಬಿಗಿಯಾಗಿ ಹಿಡಿದುಕೊಂಡು. ನಡುವೆ ಹಲಗೆಯಿಲ್ಲದೆ ಅಷ್ಟು ಹತ್ತಿರದಿಂದ ಅವರಿಬ್ಬರೂ ಈ ಹಿತ್ತಲಲ್ಲಿ ನಿಂತು ಯಾವ ಕಾಲವಾಗಿತ್ತೋ.

ಟೈಲರು ತಮ್ಮ ಬೇಲಿಯ ತಂತಿಯನ್ನು ಆಗಲೇ ಕತ್ತರಿಸಿ ಸುತ್ತಿಟ್ಟಿದ್ದರು. ಅವರ ಅಂಗಡಿಯೊಳಗೆ ಪೆಟ್ಟಿಗೆ ತಿರುಗಲಿಲ್ಲ. ಬಟ್ಟೆ ಕತ್ತರಿಸುವ ಉದ್ದ ಮೇಜಿನ ಮೇಲೆ ಒಂದು ಗಳಿಗೆ ಇಳಿಸಬೇಕಾಯಿತು. ಸುತ್ತಲೂ ಅರ್ಧ ಹೊಲಿದ ಕೋಟು ತೊಟ್ಟ ಗೊಂಬೆಗಳು ಸಾಲಾಗಿ ನಿಂತಿದ್ದವು.

"ಅಳತೆಗೆ ಅಂತ ನಿಲ್ಸಿದ್ರೆ ಒಂದು ನಿಮಿಷ ನೆಟ್ಟಗೆ ನಿಲ್ತಿರ್ಲಿಲ್ಲ ಪುಣ್ಯಾತ್ಮ," ಎಂದರು ಟೈಲರು, ಕೊರಳಿನ ಟೇಪು ತೆಗೆದು ಕೈಯಲ್ಲಿ ಹಿಡಿದುಕೊಂಡು. "ಚರಂಡಿ ವಿಷಯ ತೆಗೆದು ಕೈ ಬೀಸ್ಕೊಂಡು ಮಾತಾಡೋನು. ಅದಕ್ಕೇ ಅವನ ಪ್ಯಾಂಟೆಲ್ಲ ಸೊಂಟದಲ್ಲಿ ಸಡಿಲ. ಜನ ನನ್ನನ್ನ ಬೈತಿದ್ರು."

ಎಲ್ಲರೂ ನಕ್ಕರು. ಭಾವನೂ ನಕ್ಕರು, ನಗುತ್ತ ನಗುತ್ತಲೇ ತಲೆ ತಗ್ಗಿಸಿ ಮೇಜಿನ ಮೇಲೆ ಕೈಯೂರಿದರು. ಮೇಷ್ಟ್ರು ಅವರ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ ಪೆಟ್ಟಿಗೆ ಟೈಲರ ಅಂಗಡಿಯ ಅಗಲ ಬಾಗಿಲಿನಿಂದ, ಮುಂದುಗಡೆಯಿಂದಲೇ, ಮುಖ್ಯರಸ್ತೆಗೆ ಇಳಿಯಿತು.

ಸ್ಮಶಾನದ ಗೇಟಿನವನು ಬೀಗ ಕೈಯಲ್ಲಿ ಹಿಡಿದು ನಿಂತಿದ್ದ. ಗಾಡಿ ಕಂಡು ಬೀಗ ಜೇಬಿಗೆ ಹಾಕಿಕೊಂಡ.

*

ಅವರೆಲ್ಲ ವಾಪಸಾಗುವಾಗ ಬಿಸಿಲು ಇಳಿದಿತ್ತು. ಬಂದದ್ದೂ ಹೋದ ದಾರಿಯಲ್ಲೇ: ಟೈಲರ ಅಂಗಡಿ, ಮೇಷ್ಟ್ರ ಹಿತ್ತಲು, ಡ್ರೈವರ ಅಡುಗೆಮನೆ. ಅಡುಗೆಮನೆಯಲ್ಲಿ ಮೇಷ್ಟ್ರ ಹೆಂಡತಿ ಆಗಲೇ ನೆಲ ಒರೆಸಿ, ಒಲೆಯ ಮೇಲೆ ಅನ್ನಕ್ಕಿಟ್ಟಿದ್ದರು. ಯಾರ ಪಾತ್ರೆ ಯಾರದೆಂದು ಗೊತ್ತಾಗದಂತೆ ಎರಡು ಮನೆಯವೂ ಕಲೆತುಹೋಗಿದ್ದವು.

ಡ್ರೈವರಮ್ಮ ಮುಂಬಾಗಿಲಿಗೆ ಬಂದು ನಿಂತರು. ಕಾಲುವೆಯೊಳಗೆ ಬೀದಿಯ ಬಾಯಿಯವರೆಗೂ ಅಗಲವಾದ ಬೂದು ಕೊಳವೆಗಳು ಒಂದಕ್ಕೊಂದು ಮೂತಿ ಕೊಟ್ಟು ಮಲಗಿದ್ದವು. ಯಂತ್ರ ಸುಮ್ಮನಾಗಿತ್ತು. ಬೂಟಿನ ಹುಡುಗಿ ಅವರನ್ನು ಕಂಡು ತಲೆಯ ಟೊಪ್ಪಿ ತೆಗೆದಳು.

"ಮುಚ್ಚೋ ಮುಂಚೆ ನೀರು ಬಿಟ್ಟು ನೋಡ್ಬೇಕಮ್ಮ. ಬೀದಿಯ ಬಾಯಿ ಎತ್ತರ ಅಂತ ಆ ಕಡೆ ಕಾಲುವೆ ಇನ್ನೂ ಆಳಕ್ಕೆ ತೋಡಿದೀವಿ. ಇಲ್ಲಿ ಸುರಿದದ್ದು ಮುಖ್ಯರಸ್ತೆಯ ದೊಡ್ಡ ಚರಂಡೀಲಿ ಬಿದ್ರೆ ಇಳಿಜಾರು ಸರಿಯಿದೆ ಅಂತ. ಬೀಳ್ಲಿಲ್ಲ ಅಂದ್ರೆ ರಾತ್ರಿಯೆಲ್ಲ ಕೂತು ಎತ್ತಿಸ್ತೀನಿ, ಬಿಡಲ್ಲ. ಒಂದು ಬಕೆಟ್ ನೀರು ಸಿಗುತ್ತಾ?"

"ನಾನೇ ತರ್ತೀನಿ."

"ಅಮ್ಮಾ, ನೀನು ಕೂತ್ಕೋ," ಎಂದಳು ಮಗಳು.

"ನೀನು ಆ ಕಡೆ ಹೋಗಿ ನೋಡು. ಹೋಗು."

ಮಗಳು ಹೋದಳು. ಅವಳ ಹಿಂದೆ ಭಾವ ಹೋದರು, ಮೇಷ್ಟ್ರು ಹೋದರು, ಅನ್ನದ ಸೌಟು ಕೈಯಲ್ಲೇ ಹಿಡಿದು ಅವರ ಹೆಂಡತಿಯೂ ಹೋದರು. ಸ್ವಲ್ಪ ಹೊತ್ತಿಗೆ ಬೀದಿಯ ಬಾಯಲ್ಲಿ, ಸಾವಿನ ಮನೆಗೆಂದು ತೊಟ್ಟ ಬಟ್ಟೆಯಲ್ಲೇ, ಎಲ್ಲರೂ ಸುತ್ತುವರಿದು ಮೊಣಕಾಲಿಗೆ ಕೈಯೂರಿ ಬಗ್ಗಿ ನಿಂತದ್ದು ಇಲ್ಲಿಂದ ಕಂಡಿತು.

ಡ್ರೈವರಮ್ಮ ಬಕೆಟ್ ತಂದು ಮೆಟ್ಟಿಲ ಮೇಲೆ ನಿಂತರು. ಈ ಮೆಟ್ಟಿಲಿಗೆ ನೀರು ಬಂದದ್ದನ್ನು ನೋಡಿದ್ದರೇ ಹೊರತು ಇಲ್ಲಿಂದ ಹೋದದ್ದನ್ನು ಅವರು ಯಾವತ್ತೂ ನೋಡಿರಲಿಲ್ಲ. ಬಗ್ಗಿ ಸುರಿದರು. ನೀರು ಕೊಳವೆಯ ಬಾಯಲ್ಲಿ ಒಂದು ಸುತ್ತು ತಿರುಗಿ ಒಳಗೆ ಇಳಿಯಿತು. ಆಮೇಲೆ ಸದ್ದಿಲ್ಲ. ಬೂಟಿನ ಹುಡುಗಿ ಕೊಳವೆಗೆ ಕಿವಿಯಿಟ್ಟು ಕೂತಳು. ಆ ತುದಿಯಲ್ಲಿ ಯಾರೂ ಅಲುಗಲಿಲ್ಲ.

"ಬಂತು!"

ಭಾವನ ಗಂಟಲು. ಅದರ ಹಿಂದೆಯೇ ಎಲ್ಲರದೂ. "ಬಂತಮ್ಮಾ! ಬಂತು, ಬಂತು!" ಮೇಷ್ಟ್ರು ಎರಡೂ ಕೈ ಮೇಲೆತ್ತಿ ಮಕ್ಕಳ ಹಾಗೆ ಕುಣಿಯುತ್ತಿದ್ದರು.

"ಸಾಕಮ್ಮ, ಆಯ್ತು, ಸರಿಯಿದೆ," ಎಂದಳು ಹುಡುಗಿ ನಗುತ್ತ.

ಡ್ರೈವರಮ್ಮ ಒಳಗೆ ಹೋಗಿ ಇನ್ನೊಂದು ಬಕೆಟ್ ತುಂಬಿಕೊಂಡು ಬಂದರು. ಸುರಿದು, ಕಾಯ್ದು, ಕೂಗು ಕೇಳಿಸಿದ ಮೇಲೆ ಮತ್ತೊಂದಕ್ಕೆ ನಲ್ಲಿ ತಿರುಗಿಸಿದರು.